ದುಡಿಮೆ ಇದೆ, ಮಾತಿಲ್ಲ: ಒಬ್ಬ ಮನೆ ಅಳಿಯನ ಪ್ರಕರಣ

(ಹೆಸರು ಮತ್ತು ಗುರುತುಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಮೊದಲು ಬಂದದ್ದು ಸವಿತಾ ಒಬ್ಬರೇ. "ಮೇಡಂ, ನಮ್ಮನೆಯವರು ಎರಡು ತಿಂಗಳಿಂದ ಮನೇಲಿ ಮಲಗ್ತಿಲ್ಲ" ಅಂದರು. ಗಂಡ ಮಲಗುತ್ತಿದ್ದದ್ದು ತೋಟದ ಮೋಟರ್ ಮನೆಯಲ್ಲಿ. ರಾತ್ರಿ ತ್ರೀ ಫೇಸ್ ಕರೆಂಟ್ ಬರುತ್ತೆ, ನೀರು ಹಾಯಿಸಬೇಕು ಅನ್ನುವುದು ಅವರು ಕೊಟ್ಟ ಕಾರಣ. ಆಮೇಲೆ ಕರೆಂಟ್ ಪಾಳಿ ಹಗಲಿಗೆ ಬದಲಾಯಿತು. ಆದರೂ ಅವರು ಚಾಪೆ ಸುತ್ತಿಕೊಂಡು ಅಲ್ಲಿಗೇ ಹೊರಟಾಗ ಸವಿತಾಗೆ ಭಯವಾಯಿತು.

ತಿಪಟೂರು ಕಡೆಯ ಕುಟುಂಬ. 5 ಎಕರೆ ತೆಂಗಿನ ತೋಟ. ಸವಿತಾ ಒಬ್ಬಳೇ ಮಗಳು, ಪ್ರೈಮರಿ ಶಾಲೆ ಟೀಚರ್. ನಾಗರಾಜ್ ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವರು. ಮದುವೆ ಮಾತುಕತೆಯ ದಿನವೇ ಮಾವ "ನಮ್ಮನೇಲೇ ಇರಲಿ, ಮುಂದೆ ಎಲ್ಲಾ ಅವರದೇ ಅಲ್ವಾ" ಅಂದಿದ್ದರು. ಆ ಒಂದು ಮಾತಿನ ಮೇಲೆ ಏಳು ವರ್ಷ ಕಳೆದಿದೆ. ಅದರ ಅರ್ಥ ಏನು ಅಂತ ಯಾರೂ ಯಾರನ್ನೂ ಕೇಳಿಲ್ಲ.

ಮುಂದಿನ ವಾರ ನಾಗರಾಜ್ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ಅರ್ಧ ಗಂಟೆ ಬರೀ ತೆಂಗಿನ ರೋಗದ ಬಗ್ಗೆ ಮಾತಾಡಿದರು. ನಾನು ತಡೆಯಲಿಲ್ಲ. ಆಮೇಲೆ ತಾವೇ ವಿಷಯಕ್ಕೆ ಬಂದರು.

"ಕಾಯಿ ಕೆಡವಿಸಿದ್ದು ನಾನು. ಅಟ್ಟಕ್ಕೆ ಹಾಕಿಸಿ ಹತ್ತು ಹನ್ನೊಂದು ತಿಂಗಳು ಕಾದು, ಸುಲಿಸಿ, ಒಡೆಸಿ, ಕೊಬ್ಬರಿ ಮಂಡಿಗೆ ಸಾಗಿಸಿದ್ದೂ ನಾನು. ಮಾರಿದ ಲೆಕ್ಕದ ಪಟ್ಟಿ ಮಾವನ ಹೆಸರಿಗೆ, ದುಡ್ಡು ಮಾವನ ಖಾತೆಗೆ. ಅದಕ್ಕೆ ನಂದೇನೂ ತಕರಾರಿಲ್ಲ, ತೋಟ ಅವರದು. ಮಾರನೇ ದಿನ ಚಪ್ಪಲಿಗೆ 500 ರೂಪಾಯಿ ಕೇಳಿದೆ. 'ಹೋದ ವರ್ಷ ತಗೊಂಡಿದ್ರಲ್ಲ' ಅಂದ್ರು."

ಅವರ ಚಪ್ಪಲಿ ಬಾಗಿಲ ಹತ್ತಿರ ಇತ್ತು. ಕಿತ್ತ ಪಟ್ಟಿಯನ್ನು ಗೋಣಿಚೀಲ ಹೊಲಿಯುವ ನೀಲಿ ದಾರದಲ್ಲಿ ಅವರೇ ಹೊಲಿದುಕೊಂಡಿದ್ದರು.

ಅದಕ್ಕಿಂತ ಜಾಸ್ತಿ ನೋವು ತಾಯಿಯ ವಿಷಯದಲ್ಲಿತ್ತು. ಅಮ್ಮ ವರ್ಷಕ್ಕೊಂದು ಸಲ ಮೊಮ್ಮಗಳನ್ನು ನೋಡಲು ಬರುತ್ತಾರೆ. ಜಗಲಿಯಲ್ಲಿ ಕೂರುತ್ತಾರೆ. ತಂದ ಚಕ್ಕುಲಿ ಡಬ್ಬ ಕೊಟ್ಟು, ಒಂದು ಲೋಟ ಕಾಫಿ ಕುಡಿದು, ನಾಲ್ಕು ಗಂಟೆ ಬಸ್ಸಿಗೆ ಎದ್ದುಬಿಡುತ್ತಾರೆ. ಇರಮ್ಮಾ ಅಂದರೆ, "ಬೀಗರ ಮನೇಲಿ ಹೇಗಪ್ಪಾ ಉಳಿಯೋದು?" ಇದನ್ನು ಹೇಳುವಾಗ ನಾಗರಾಜ್ ಗಂಟಲು ಕಟ್ಟಿತು. ಏಳು ವರ್ಷ ದುಡಿದ ಮನೆ ತಾಯಿಯ ಬಾಯಲ್ಲಿ ಇನ್ನೂ ಬೀಗರ ಮನೆಯೇ.

ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದೆ. ಕೇಳಲೇಬೇಕು, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. "ಇಲ್ಲ, ಎಲ್ಲಾದ್ರೂ ಹೋಗ್ಬಿಡೋಣ ಅನ್ಸುತ್ತೆ" ಅಂದರು. ನಿದ್ದೆ ತೀರಾ ಕಡಿಮೆಯಾಗಿತ್ತು. ಮನೋವೈದ್ಯರ ಹತ್ತಿರ ಒಮ್ಮೆ ತೋರಿಸಲು ಹೇಳಿ, ಹೊತ್ತಲ್ಲದ ಹೊತ್ತಿನಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಎಂದು ಬರೆದುಕೊಟ್ಟೆ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

"ಹೆಣ್ಣುಮಕ್ಕಳು ಕಾಲಕಾಲದಿಂದ ಇದನ್ನೇ ಅನುಭವಿಸ್ತಿಲ್ವಾ?" ಅಂತ ಕೆಲವರು ಕೇಳುತ್ತಾರೆ. ಮಾತು ಸುಳ್ಳಲ್ಲ. ನಾಗರಾಜ್ ಅವರೇ ಹೇಳಿದರು: "ನಮ್ಮತ್ತಿಗೆ ಒಂದು ಡಜನ್ ಬಾಳೆಹಣ್ಣಿಗೂ ಅಣ್ಣನ್ನ ಕೇಳೋರು. ಆಗ ನನಗೆ ಏನೂ ಅನ್ಸಿರಲಿಲ್ಲ." ಆದರೆ ಸೊಸೆಯದು ಎಲ್ಲರೂ ಕಂಡ ದಾರಿ, ಅವಳಿಗೆ ಹೇಳಿಕೊಳ್ಳಲು ಜೊತೆಗಾತಿಯರಿದ್ದಾರೆ. ಮನೆ ಅಳಿಯ ಸಂಕಟ ಹೇಳಿಕೊಂಡರೆ ಗಂಡಸಲ್ವಾ ಅಂತ ನಗುತ್ತಾರೆ. ಆಂಧ್ರದ ಕಡೆ ರೆಡ್ಡಿ, ಕಮ್ಮ ಜನರಲ್ಲಿ ಇಲ್ಲಟಂ ಅನ್ನುವ ಪದ್ಧತಿ ಇತ್ತು. ಹಾಗೆ ಕರೆತಂದ ಅಳಿಯನಿಗೆ ಮಾವನ ಆಸ್ತಿಯಲ್ಲಿ ಮಗನ ಸಮ ಪಾಲು ಸಿಗುತ್ತಿತ್ತು. ಬ್ರಿಟಿಷರ ಕಾಲದ ಕೋರ್ಟುಗಳೂ ಅದನ್ನು ಒಪ್ಪಿದ್ದವು. ಅಲ್ಲಿ ಕರಾರು ಎಲ್ಲರಿಗೂ ಗೊತ್ತಿತ್ತು. ನಾಗರಾಜ್‌ಗೆ ಇದ್ದದ್ದು 'ಮುಂದೆ ಎಲ್ಲಾ ಅವರದೇ' ಅನ್ನುವ ಮಾತು ಮಾತ್ರ.

ಮಾವನವರೂ ಒಮ್ಮೆ ಬಂದರು. ಎಪ್ಪತ್ತು ದಾಟಿದ, ಶುಭ್ರ ಪಂಚೆಯ ಯಜಮಾನರು. "ಮಗ ಅಂತಲೇ ನೋಡ್ಕೊಂಡಿದ್ದೀನಿ" ಅಂದರು. "ಮಗ ಆಗಿದ್ರೆ 500 ರೂಪಾಯಿ ಕೇಳ್ತಿದ್ನಾ ಯಜಮಾನ್ರೇ?" ಅಂದೆ. ಬಹಳ ಹೊತ್ತು ಸುಮ್ಮನಿದ್ದು, "ಕೇಳ್ತಿರಲಿಲ್ಲ, ಬೀರು ತೆಗೆದು ತಗೋತಿದ್ದ" ಅಂದರು. ಆಮೇಲೆ ಒಳಗಿನ ಭಯ ಹೊರಗೆ ಬಂತು. "ಎಲ್ಲಾ ಕೈಗೆ ಕೊಟ್ಬಿಟ್ರೆ, ನಾಳೆ ನಮ್ಮಿಬ್ಬರನ್ನ ಯಾರು ಕೇಳ್ತಾರಮ್ಮಾ?" ಆ ಭಯ ಸಣ್ಣದಲ್ಲ. ಅದನ್ನು ಜಿಪುಣತನ ಅಂದುಬಿಟ್ಟರೆ ತಪ್ಪಾಗುತ್ತದೆ.

ನಾನು ಕೊಟ್ಟ ಸಲಹೆಗಳಲ್ಲಿ ದುಡ್ಡಿನದು ಮೊದಲು. ಬೇರೆ ಮನೆ ಮಾಡಿ ಅಂತ ಹೇಳಲಿಲ್ಲ, ನಾಗರಾಜ್‌ಗೆ ಅದು ಬೇಕಿರಲಿಲ್ಲ. ಎರಡು ಎಕರೆಯ ಖರ್ಚು, ಫಸಲು, ಲೆಕ್ಕ ಪೂರ್ತಿ ಅವರದು, ಹಣ ಅವರ ಖಾತೆಗೇ ಬರಲಿ, ಮನೆಖರ್ಚಿಗೆ ಇಷ್ಟು ಅಂತ ಅವರೇ ಕೊಡಲಿ ಅಂದೆ. ಬಾಯಿಮಾತು ಬೇಡ, ಕಾಗದದಲ್ಲಿರಲಿ ಅಂತಲೂ ಹೇಳಿದೆ.

ಆಸ್ತಿ ವಿಷಯವನ್ನು ಎಲ್ಲರ ಮುಂದೆ ಬಿಡಿಸಿ ಹೇಳಿದೆ. ಮಾವನ ಆಸ್ತಿಯಲ್ಲಿ ಅಳಿಯನಿಗೆ ಕಾನೂನಿನ ಹಕ್ಕಿಲ್ಲ. ಹಕ್ಕಿರುವುದು ಮಗಳಿಗೆ. ಸ್ವಂತ ಸಂಪಾದನೆಯ ಆಸ್ತಿಯಾದರೆ ಅಪ್ಪ ವಿಲ್ ಬರೆಯಬಹುದು, ದಾನಪತ್ರ ಮಾಡಬಹುದು, ಅದು ಅವರಿಗೆ ಬಿಟ್ಟದ್ದು. ನಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ದಾನಪತ್ರದಲ್ಲೇ ಬರೆಸಿದ್ದರೆ, ನೋಡಿಕೊಳ್ಳದಿದ್ದಾಗ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಬಹುದು. ಇದನ್ನು ಕೇಳಿ ಯಜಮಾನರ ಮುಖ ಸ್ವಲ್ಪ ಸಡಿಲವಾಯಿತು.

ಇನ್ನೊಂದು ಸಂಗತಿ ಮಾತಿನ ನಡುವೆ ಸಿಕ್ಕಿತು. ನಾಗರಾಜ್ ಅವರ ಅಣ್ಣ ಹಕ್ಕು ಬಿಡುಗಡೆ ಪತ್ರ ತಂದು ಸಹಿ ಕೇಳಿದ್ದರಂತೆ. "ನೀನು ಹೆಂಡತಿ ಮನೆ ಸೇರಿದೆ, ನಿನಗಿಲ್ಲಿ ಏನಿದೆ?" ಅಂತ. ಹೆಂಡತಿಯ ಮನೆಯಲ್ಲಿ ಇದ್ದ ಮಾತ್ರಕ್ಕೆ ಹುಟ್ಟಿದ ಮನೆಯ ಪಾಲು ಹೋಗುವುದಿಲ್ಲ. ವಕೀಲರನ್ನು ಕಾಣದೆ ಸಹಿ ಹಾಕಬೇಡಿ ಅಂದೆ. ತಾಯಿಯನ್ನು ನೋಡಿಕೊಳ್ಳುವ ಹೊಣೆಯೂ ಹಾಗೇ ಉಳಿದಿದೆ ಅಂತ ನೆನಪಿಸಿದೆ.

ಸವಿತಾಗೆ ಹೇಳಿದ್ದು ಒಂದೇ. ಅಪ್ಪನ ಮಾತನ್ನು ಗಂಡನಿಗೆ, ಗಂಡನ ಮಾತನ್ನು ಅಪ್ಪನಿಗೆ ದಾಟಿಸುವುದನ್ನು ನಿಲ್ಲಿಸಿ. "ಇಲ್ಲಿ ಹೇಳಿದ್ರೆ ಅಪ್ಪನ ಪರ, ಅಲ್ಲಿ ಹೇಳಿದ್ರೆ ಗಂಡನ ಪರ ಆಗೋಗಿದ್ದೆ" ಅಂತ ಅವರು ಅತ್ತರು. ಇನ್ನು ಆ ಇಬ್ಬರೂ ಎದುರುಬದುರು ಕೂತು ಮಾತಾಡಲಿ, ನೀವು ಎದ್ದು ಹೋಗಿ ಅಂದೆ.

ಐದು ತಿಂಗಳಾಗಿದೆ. ಎಲ್ಲವೂ ಸರಿಹೋಗಿಲ್ಲ. ಯಜಮಾನರು ಈಗಲೂ ಗೊಬ್ಬರದ ಬಿಲ್ಲು ಕೇಳುತ್ತಾರೆ. ವಿಲ್ ಮಾತು ಮುಂದಕ್ಕೆ ಹೋಗುತ್ತಲೇ ಇದೆ. ಆದರೆ ಎರಡು ಎಕರೆಯ ಕರಾರು ಆಯಿತು, ಚಾಪೆ ಮನೆಗೆ ವಾಪಸ್ ಬಂತು. ಹೋದ ತಿಂಗಳು ಯಜಮಾನರೇ ಬೀಗಿತ್ತಿಗೆ ಫೋನ್ ಮಾಡಿ, "ನಿಮ್ಮ ಮಗನ ಮನೆಗೆ ಬರೋಕೆ ಬಸ್ ಟೈಮ್ ಯಾಕೆ ನೋಡ್ತೀರಮ್ಮಾ?" ಅಂದರಂತೆ. ಅಮ್ಮ ಬಂದರು, ಎರಡು ರಾತ್ರಿ ಉಳಿದರು. ಮೂರನೇ ದಿನ ಬೆಳಿಗ್ಗೆ ಯಾರನ್ನೂ ಕೇಳದೆ ಅಡುಗೆಮನೆಗೆ ಹೋಗಿ ಮಗನಿಗೆ ರೊಟ್ಟಿ ತಟ್ಟಿದರು ಅಂತ ನಾಗರಾಜ್ ಫೋನಿನಲ್ಲಿ ಹೇಳಿದರು.