ಸಂಭ್ರಮ, ಸಡಗರ, ಆಚರಣೆ: ಎಲ್ಲಿ ಯಾವುದು?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಆಹ್ವಾನ ಪತ್ರಿಕೆಯಲ್ಲಿ ‘ರಾಜ್ಯೋತ್ಸವದ ಸಂಭ್ರಮಾಚರಣೆಯನ್ನು ಅತಿ ವಿಜ್ರಂಭಣೆಯಿಂದ ಆಚರಿಸಲಾಗುವುದು’ ಎಂದು ಅಚ್ಚಾಗಿದೆ. ಇದು ಸರಿಯೇ? ‘ಸಂಭ್ರಮ’ಕ್ಕೂ ‘ಭ್ರಮೆ’ಗೂ ನಂಟಿದೆಯೇ?
– ಓದುಗರು, ಜಯನಗರ

ಉತ್ತರ: ನಂಟಿದೆ. ಎರಡಕ್ಕೂ ಮೂಲ, ‘ತಿರುಗು’ ಎಂಬ ಅರ್ಥದ ‘ಭ್ರಮ್’ ಧಾತು. ಭ್ರಮಣ, ವಿಭ್ರಮಗಳೂ ಅಲ್ಲಿಂದಲೇ ಬಂದವು. ಸಂಸ್ಕೃತದಲ್ಲಿ ಸಂಭ್ರಮ ಎಂದರೆ ಆತುರ, ಗಡಿಬಿಡಿ, ತಳಮಳ. ಗೌರವ ಎಂಬ ಅರ್ಥವೂ ಉಂಟು. ಈಗಿನ ಕನ್ನಡದಲ್ಲಿ ಗಾಬರಿ ಹಿಂದೆ ಸರಿದು ಹಿಗ್ಗು ಮುಂದೆ ಬಂದಿದೆ. ಆದರೂ ಓಡಾಟದ ಛಾಯೆ ಪೂರ್ತಿ ಅಳಿಸಿಲ್ಲ. ಒಬ್ಬರೇ ಕೂತು ಪಡುವುದಕ್ಕೆ ಸಂತೋಷ ಎಂದರೆ ಸಾಕು. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕಾಣುವುದು ಸಂಭ್ರಮ. ‘ಸಡಗರ’ದ ಒಲವು ಸಿದ್ಧತೆಯ ಕಡೆಗೆ. ಚಪ್ಪರ ಹಾಕಿ, ತೋರಣ ಕಟ್ಟಿ, ನೆಂಟರನ್ನು ಎದುರುಗೊಳ್ಳುವ ಮದುವೆ ಮನೆಗೆ ಆ ಮಾತು ಚೆನ್ನಾಗಿ ಒಪ್ಪುತ್ತದೆ.

ಇನ್ನು ನಿಮ್ಮ ಪತ್ರಿಕೆ. ‘ಸಂಭ್ರಮಾಚರಣೆ’ ಪದವೇನೋ ಸರಿ: ಸಂಭ್ರಮ + ಆಚರಣೆ, ಸವರ್ಣದೀರ್ಘ ಸಂಧಿ. ಆದರೆ ಆಚರಣೆಯನ್ನೇ ಮತ್ತೆ ‘ಆಚರಿಸು’ವುದು ಪುನರುಕ್ತಿ. ‘ವಿಜ್ರಂಭಣೆ’ ಕಾಗುಣಿತದ ತಪ್ಪು, ‘ವಿಜೃಂಭಣೆ’ ಆಗಬೇಕು. ಮಾತಿನಲ್ಲಿ ಋಕಾರ ‘ರ’, ‘ರು’ ಎಂದು ಕೇಳಿಸುವುದರಿಂದ ವಟ್ರಸುಳಿ ಇರಬೇಕಾದ ಕಡೆ ರ ಒತ್ತು ಬಂದುಬಿಡುತ್ತದೆ. ವಿಜೃಂಭಣೆಯಲ್ಲಿ ವಿಸ್ತಾರ, ವೈಭವದ ಅರ್ಥ ಆಗಲೇ ಇದೆ, ‘ಅತಿ’ ಬೇಡ. ‘ನವೆಂಬರ್ 1ರಂದು ರಾಜ್ಯೋತ್ಸವವನ್ನು ಸಂಭ್ರಮದಿಂದ ಆಚರಿಸಲಿದ್ದೇವೆ, ಬನ್ನಿ’ ಎಂದರೆ ಎಲ್ಲ ಬಂತು. ‘ಆಚರಿಸಲಾಗುವುದು’ ಎಂಬ ಕಚೇರಿ ಭಾಷೆಗಿಂತ ‘ಆಚರಿಸಲಿದ್ದೇವೆ’ಯಲ್ಲಿ ಕರೆಯುವವರ ದನಿ ಕೇಳಿಸುತ್ತದೆ.

ಪ್ರಶ್ನೆ: ‘ಗೆಲುವನ್ನು ಸಂಭ್ರಮಿಸಿದರು’ ಎಂದು ಬರೆಯಬಹುದೇ?
– ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಈಚೆಗೆ ಪತ್ರಿಕೆ, ಟಿವಿಗಳಲ್ಲಿ ಈ ಬಳಕೆ ಹೆಚ್ಚಾಗಿದೆ; ಇಂಗ್ಲಿಷ್ ವಾಕ್ಯದ ಅಚ್ಚು ಅದರ ಹಿಂದಿದೆ. ‘ಸಂಭ್ರಮಿಸು’ ಮೂಲತಃ ‘ನಲಿ’, ‘ಹಿಗ್ಗು’ಗಳಂತೆ ಅಕರ್ಮಕ ಕ್ರಿಯಾಪದ. ‘ಹಾಡನ್ನು ನಲಿದರು’ ಎನ್ನುವುದಿಲ್ಲವಲ್ಲ. ‘ಗೆದ್ದು ಸಂಭ್ರಮಿಸಿದರು’ ಅಥವಾ ‘ಗೆಲುವಿಗೆ ಸಂಭ್ರಮಿಸಿದರು’ ಎನ್ನಿ. ಹಬ್ಬವಾದರೆ ಬರಹದಲ್ಲಿ ‘ಆಚರಿಸಿದರು’, ಮಾತಿನಲ್ಲಿ ‘ಹಬ್ಬ ಮಾಡಿದರು’.

ಪ್ರಶ್ನೆ: ಎಲ್ಲ ವಿಶೇಷ ದಿನಗಳಿಗೂ ‘ಸಂಭ್ರಮಾಚರಣೆ’ ಸಲ್ಲುತ್ತದೆಯೇ?
– ಓದುಗರು, ಯಲಹಂಕ

ಉತ್ತರ: ಇಲ್ಲ. ‘ಆಚರಣೆ’ಗೆ ಹರ್ಷ, ಶೋಕಗಳ ಭೇದವಿಲ್ಲ, ‘ಸಂಭ್ರಮ’ಕ್ಕೆ ಇದೆ. ಗುಡ್ ಫ್ರೈಡೇ, ಜನವರಿ 30ರ ಹುತಾತ್ಮರ ದಿನ, ಹಿರಿಯರ ಪುಣ್ಯಸ್ಮರಣೆ, ಇವಕ್ಕೆಲ್ಲ ‘ಆಚರಣೆ’ ಎಂದಷ್ಟೇ ಬರೆಯಿರಿ.