ಚಾಸ್ಲಾವ್ ಮರಳಿದಾಗ ನಾಡಿನಲ್ಲಿ ಇದ್ದದ್ದು 50 ಗಂಡಸರು

ಕಳೆದ ಸಂಚಿಕೆಯಲ್ಲಿ ಬಲ್ಗೇರಿಯಾದ ದೊರೆ ಸಿಮಿಯೋನನ ಬಗ್ಗೆ ಬಂದ ಪ್ರಶ್ನೆಗೆ ಉತ್ತರ ಕೊಡುವಾಗ ಒಂದು ಸಾಲು ಸೇರಿಸಿದ್ದೆ: ‘ಸಿಮಿಯೋನ್ ಬರಿದು ಮಾಡಿದ ಸರ್ಬಿಯಾಕ್ಕೆ ಚಾಸ್ಲಾವ್ ಎಂಬ ರಾಜಕುಮಾರ ಮರಳಿ ಬಂದಾಗ ಅಲ್ಲಿ ಸಿಕ್ಕಿದ್ದು 50 ಗಂಡಸರು ಮಾತ್ರ.’ ಆ ಒಂದು ಸಾಲು ಹಿಡಿದು ಉಡುಪಿ, ಮಂಗಳೂರು ಕಡೆಯಿಂದ ತುಂಬ ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವನಿಗೇ.

ಪ್ರಶ್ನೆ: ಟೀಚರ್, ನನ್ನ ಮಗ ದುಬೈಯಲ್ಲಿದ್ದಾನೆ. ಅವನ ಜೊತೆ ಕೆಲಸ ಮಾಡುವ ಸರ್ಬಿಯಾದ ಹುಡುಗನ ಹೆಸರೂ ಚಾಸ್ಲಾವ್ ಅಂತೆ. ಹಳೆಯ ರಾಜನೊಬ್ಬನ ಹೆಸರು ಅನ್ನುವುದು ಬಿಟ್ಟರೆ ಅವನಿಗೂ ಜಾಸ್ತಿ ಗೊತ್ತಿಲ್ಲವಂತೆ. ಯಾರು ಈ ರಾಜ? ಆ 50 ಜನರ ಕಥೆ ಏನು?
— ಗೃಹಿಣಿ, ಕಟಪಾಡಿ

ಉತ್ತರ: ಗೊತ್ತಿಲ್ಲದ್ದು ಆಶ್ಚರ್ಯ ಅಲ್ಲಮ್ಮ. ನಾನು ಪಾಠ ಮಾಡುತ್ತಿದ್ದ ಕಾಲದ ಪಠ್ಯಪುಸ್ತಕಗಳಲ್ಲಿ ಸರ್ಬಿಯಾ ಬರುತ್ತಿದ್ದದ್ದೇ 1914ರಲ್ಲಿ, ಸರಾಯೆವೊದಲ್ಲಿ ಗುಂಡು ಹಾರಿದ ಮೇಲೆ. ಅದಕ್ಕೂ ಸಾವಿರ ವರ್ಷ ಹಿಂದಿನ ಮಾತು ಇದು.

ಚಾಸ್ಲಾವನ ಕಥೆ ಶುರುವಾಗುವುದು ಅಜ್ಜಂದಿರ ದಾಯಾದಿ ಜಗಳದಿಂದ. ವ್ಲಾಸ್ತಿಮಿರ್ ಎಂಬ ಸರ್ಬಿಯಾದ ದೊರೆಗೆ ಮೂವರು ಗಂಡುಮಕ್ಕಳು: ಮುತಿಮಿರ್, ಸ್ತ್ರೋಯಿಮಿರ್, ಗೋಯ್ನಿಕ್. ಅಪ್ಪನ ನಂತರ ಮೂವರೂ ಒಟ್ಟಾಗಿ ಬಲ್ಗೇರಿಯಾದ ದಂಡನ್ನು ಸೋಲಿಸಿದರು. ಅಲ್ಲಿನ ದೊರೆ ಬೋರಿಸನ ಮಗನನ್ನೇ ಸೆರೆ ಹಿಡಿದರು. ಹೊರಗಿನ ಶತ್ರು ಹೋದದ್ದೇ ತಡ, ಮನೆಯೊಳಗೆ ಬಿರುಕು ಬಿತ್ತು. ಮುತಿಮಿರ್ ತನ್ನ ತಮ್ಮಂದಿರಿಬ್ಬರನ್ನೂ ಹಿಡಿದು ಅದೇ ಬೋರಿಸನಿಗೆ ಒಪ್ಪಿಸಿಬಿಟ್ಟ.

ಬೋರಿಸ್ ಅವರನ್ನು ಕೊಲ್ಲಲಿಲ್ಲ, ಸಾಕಿದ. ಸ್ತ್ರೋಯಿಮಿರನ ಮಗ ಕ್ಲೋನಿಮಿರನಿಗೆ ಬಲ್ಗೇರಿಯಾದ ಹೆಣ್ಣು ನೋಡಿ ಮದುವೆಯನ್ನೂ ಮಾಡಿಸಿದ. ಅವರಿಗೆ ಅಲ್ಲೇ ಹುಟ್ಟಿದವನು ಚಾಸ್ಲಾವ್. ತಂದೆ ಕ್ಲೋನಿಮಿರ್ ಸರ್ಬಿಯಾದ ಗದ್ದುಗೆ ಹಿಡಿಯಲು ಹೋಗಿ, ಆಗ ಆಳುತ್ತಿದ್ದ ಗೋಯ್ನಿಕನ ಮಗ ಪೆತಾರನ ಕೈಯಲ್ಲಿ ಸತ್ತ.

ಹೀಗೆ ಸಾಕಿಟ್ಟ ದಾಯಾದಿಗಳಿಗೆ ರಾಜಕೀಯದಲ್ಲಿ ಬೆಲೆ ಜಾಸ್ತಿ. ಸರ್ಬಿಯಾದಲ್ಲಿ ಕೂತವನು ಮಾತು ಕೇಳದಿದ್ದರೆ ಇನ್ನೊಬ್ಬನನ್ನು ಸೈನ್ಯದ ಜೊತೆ ಕಳಿಸಬಹುದಲ್ವಾ? ಬೋರಿಸನ ಇನ್ನೊಬ್ಬ ಮಗ ಸಿಮಿಯೋನ್ ಮಾಡಿದ್ದು ಅದನ್ನೇ. 917ರಲ್ಲಿ ಅಖೆಲೋಸ್ ನದಿಯ ಹತ್ತಿರ ಬೈಜಾಂಟಿಯಂ, ಅಂದರೆ ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ ಪೂರ್ವ ರೋಮನ್ ಸಾಮ್ರಾಜ್ಯದ, ಸೈನ್ಯವನ್ನು ಅವನು ನುಚ್ಚುನೂರು ಮಾಡಿದ್ದ. ಆಮೇಲೆ ಸರ್ಬಿಯಾದ ಕಡೆ ತಿರುಗಿದ. ಪೆತಾರನನ್ನು ಆಣೆ ಮಾಡಿ ನಂಬಿಸಿ ಸೆರೆ ಹಿಡಿಸಿದ, ಪಾವ್ಲೆ ಎಂಬ ದಾಯಾದಿಯನ್ನು ಕೂರಿಸಿದ. ಪಾವ್ಲೆ ತಿರುಗಿಬಿದ್ದಾಗ ಜಹಾರಿಯಾನನ್ನು ಕಳಿಸಿದ. ಜಹಾರಿಯಾನೂ ತಿರುಗಿಬಿದ್ದ. ಅದೂ ಸುಮ್ನೆ ಅಲ್ಲ. ತನ್ನ ಮೇಲೆ ಬಂದ ಇಬ್ಬರು ಬಲ್ಗೇರಿಯಾ ಸೇನಾಪತಿಗಳ ತಲೆ ಮತ್ತು ಆಯುಧಗಳನ್ನು ಕಾನ್‌ಸ್ಟಾಂಟಿನೋಪಲ್‌ಗೆ ಕಳಿಸಿಕೊಟ್ಟ.

924ರ ಸುಮಾರಿಗೆ ಸಿಮಿಯೋನ್ ಮತ್ತೆ ಸೈನ್ಯ ಕಳಿಸಿದ. ಈ ಸಲ ಜೊತೆಗೆ ಚಾಸ್ಲಾವ್. ಜಹಾರಿಯಾ ಕ್ರೊಯೇಷಿಯಾಕ್ಕೆ ಓಡಿದ. ಬಲ್ಗೇರಿಯಾದವರು ಝುಪಾನರಿಗೆ, ಅಂದರೆ ಸೀಮೆ ಸೀಮೆಯ ನಾಯಕರಿಗೆ, ಹೇಳಿ ಕಳಿಸಿದರು: ‘ಬನ್ನಿ, ಚಾಸ್ಲಾವನನ್ನು ನಿಮ್ಮ ಒಡೆಯನಾಗಿ ಪಡೆದುಕೊಳ್ಳಿ.’ ಪ್ರಮಾಣವನ್ನೂ ಮಾಡಿದರು. ನಾಯಕರು ನಂಬಿ ಬಂದರು. ಮೊದಲ ಹಳ್ಳಿ ತಲುಪುವಷ್ಟರಲ್ಲಿ ಎಲ್ಲರನ್ನೂ ಕಟ್ಟಿಹಾಕಿದರು. ಚಾಸ್ಲಾವ್ ಆ ಗಾಳಕ್ಕೆ ಸಿಕ್ಕಿಸಿದ ಎರೆಯಾಗಿದ್ದ, ಅಷ್ಟೆ. ಆಮೇಲೆ ಸೈನ್ಯ ಒಳಗೆ ನುಗ್ಗಿ ಚಿಕ್ಕವರು ದೊಡ್ಡವರು ಎನ್ನದೆ ಇಡೀ ಜನರನ್ನು ಬಲ್ಗೇರಿಯಾಕ್ಕೆ ಹೊಡೆದುಕೊಂಡು ಹೋಯಿತು. ತಪ್ಪಿಸಿಕೊಂಡ ಕೆಲವರು ಕ್ರೊಯೇಷಿಯಾ ಸೇರಿದರು.

7 ವರ್ಷ ಕಳೆಯಿತು. ಅಷ್ಟರಲ್ಲಿ, 927ರಲ್ಲಿ, ಸಿಮಿಯೋನ್ ತೀರಿಕೊಂಡಿದ್ದ. ಚಾಸ್ಲಾವ್ ಬಲ್ಗೇರಿಯಾದ ರಾಜಧಾನಿ ಪ್ರೆಸ್ಲಾವ್‌ನಿಂದ 4 ಜನರ ಜೊತೆ ತಪ್ಪಿಸಿಕೊಂಡು ಸರ್ಬಿಯಾಕ್ಕೆ ಬಂದ. ಅಲ್ಲಿ ಕಂಡದ್ದು 50 ಗಂಡಸರು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಬೇಟೆಯಾಡಿ ಹೊಟ್ಟೆ ಹೊರೆಯುತ್ತಿದ್ದರು.

ಇಲ್ಲಿಂದ ಮುಂದೆ ಅವನು ಮಾಡಿದ್ದನ್ನು ನಾನು ತುಂಬ ಮೆಚ್ಚುತ್ತೇನೆ. ಕತ್ತಿ ಹಿಡಿದು ಸೇಡಿಗೆ ಹೊರಡಲಿಲ್ಲ. ಆ 50 ಜನರನ್ನು ಕಟ್ಟಿಕೊಂಡು ನಾಡಿನಲ್ಲಿ ನೆಲೆ ಮಾಡಿದ. ಬೈಜಾಂಟಿಯಂ ಚಕ್ರವರ್ತಿಗೆ ‘ನಿಮ್ಮ ಮಾತು ಕೇಳಿಕೊಂಡಿರುತ್ತೇನೆ, ಸಹಾಯ ಮಾಡಿ’ ಅಂತ ಹೇಳಿ ಕಳಿಸಿದ. ಸುದ್ದಿ ಹಬ್ಬಿತು. ಕ್ರೊಯೇಷಿಯಾ, ಬಲ್ಗೇರಿಯಾ ಅಂತ ಚದುರಿ ಹೋಗಿದ್ದವರು ಒಬ್ಬೊಬ್ಬರಾಗಿ ಬರತೊಡಗಿದರು. ಬಲ್ಗೇರಿಯಾದಿಂದ ಓಡಿ ಕಾನ್‌ಸ್ಟಾಂಟಿನೋಪಲ್ ಸೇರಿದ್ದವರಿಗೆ ಚಕ್ರವರ್ತಿ ಉಟ್ಟುಕೊಳ್ಳಲು ಬಟ್ಟೆ ಕೊಟ್ಟು, ಸಮಾಧಾನ ಹೇಳಿ, ಚಾಸ್ಲಾವನ ಹತ್ತಿರ ಕಳಿಸಿದ. ಯಾರ ಹೆಸರು ಹೇಳಿ ತಮ್ಮ ನಾಯಕರನ್ನು ಕಟ್ಟಿಹಾಕಿದ್ದರೋ ಅದೇ ಹೆಸರನ್ನು ನಂಬಿ ಜನ ಊರಿಗೆ ಮರಳಿದರು. ಯುದ್ಧ ಗೆದ್ದ ರಾಜರು ಬೇಕಾದಷ್ಟು ಜನ ಸಿಗುತ್ತಾರೆ. ಇಂಥವರು ಕಮ್ಮಿ.

ಪ್ರಶ್ನೆ: ಸರಿಯಾಗಿ 50 ಅಂತ ಎಣಿಸಿದವರು ಯಾರು, ಟೀಚರ್? ಇದನ್ನು ನಂಬಬಹುದಾ?
— ಬಿ.ಎ. ವಿದ್ಯಾರ್ಥಿ, ಸುರತ್ಕಲ್

ಉತ್ತರ: ಲೆಕ್ಕವನ್ನು ನಾನು ನಂಬುವುದಿಲ್ಲ. ಕಥೆಯನ್ನು ನಂಬುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಮೇಲೆ ಹೇಳಿದ್ದೆಲ್ಲ ಬರುವುದು ಒಂದೇ ಪುಸ್ತಕದಿಂದ. ಬೈಜಾಂಟಿಯಂ ಚಕ್ರವರ್ತಿ ಏಳನೇ ಕಾನ್‌ಸ್ಟಂಟೈನ್ 950ರ ಆಸುಪಾಸಿನಲ್ಲಿ, ಮಗ ರೊಮಾನೋಸ್‌ಗೆ ರಾಜ್ಯ ನಡೆಸುವುದನ್ನು ಕಲಿಸಲು, ಗ್ರೀಕ್‌ನಲ್ಲಿ ಮಾಡಿಸಿಟ್ಟ ಕೈಪಿಡಿ ಅದು. ಯಾವ ನೆರೆಯವನು ಎಂಥವನು, ಅವನನ್ನು ಹೇಗೆ ಹಿಡಿತದಲ್ಲಿಡಬೇಕು ಎಂಬ ಒಳಮನೆಯ ಮಾತುಗಳು. 32ನೇ ಅಧ್ಯಾಯ ಸರ್ಬರ ಬಗ್ಗೆ. ಅದು ಚಾಸ್ಲಾವನವರೆಗೆ ಬಂದು ನಿಲ್ಲುತ್ತದೆ, ಅವನ ಸಾವಿನ ಸುದ್ದಿ ಅದರಲ್ಲಿಲ್ಲ. ಅಂದರೆ ಬರೆಯುವಾಗ ಅವನಿನ್ನೂ ಆಳುತ್ತಿದ್ದಿರಬೇಕು. ಕಣ್ಣೆದುರಿನ ಕಾಲದ ಸಂಗತಿ, ಹಾಗಾಗಿ ಪೂರ್ತಿ ಕಟ್ಟುಕಥೆ ಆಗಿರಲಾರದು.

ಆದರೆ ಆ ಅಧ್ಯಾಯಕ್ಕೆ ಒಂದು ಹಟ ಇದೆ. ಸರ್ಬಿಯಾದ ದೊರೆ ಮೊದಲಿನಿಂದಲೂ ನಮ್ಮ ಚಕ್ರವರ್ತಿಗೆ ಅಧೀನ, ಬಲ್ಗೇರಿಯಾಕ್ಕೆ ಯಾವತ್ತೂ ಅಲ್ಲ ಅಂತ ಸಾಧಿಸುವುದು. ನಾಡು ಎಷ್ಟು ಬರಿದಾಗಿತ್ತೋ ಚಕ್ರವರ್ತಿಯ ಉಪಕಾರ ಅಷ್ಟು ದೊಡ್ಡದಾಗಿ ಕಾಣುತ್ತದೆ. ಅದು ಗುಡ್ಡ ಕಣಿವೆಗಳ ನಾಡು ಬೇರೆ. ಒಂದೊಂದು ಕಣಿವೆಯನ್ನೂ ಜಾಲಾಡಿ ಜನರನ್ನು ಹೊರಗೆಳೆಯಲು ಯಾವ ಸೈನ್ಯಕ್ಕೂ ಆಗದು. ಹಾಗಂತ ಜನರನ್ನು ಸಾಗಿಸಿದ್ದೇ ಸುಳ್ಳು ಅನ್ನಬೇಡಿ. ಆ ಕಾಲದಲ್ಲಿ ಅದು ನಡೆಯುತ್ತಿತ್ತು. 813ರಲ್ಲಿ ಬಲ್ಗೇರಿಯಾದ ಕ್ರುಮ್ ಅಡ್ರಿಯಾನೋಪಲ್ ನಗರದ ಜನರನ್ನು ಹಿಡಿದು ಡ್ಯಾನ್ಯೂಬ್ ನದಿಯ ಆಚೆಗೆ ಸಾಗಿಸಿದ್ದ.

ನೀವು ಇರುವ ಸುರತ್ಕಲ್‌ಗೆ ಕದ್ರಿ ದೂರವಲ್ಲ. ಮಂಜುನಾಥ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಇದೆಯಲ್ಲ, ಅದರ ಪೀಠವನ್ನು ಒಮ್ಮೆ ಗಮನಿಸಿ. ಆಳುಪ ದೊರೆ ಕುಂದವರ್ಮ 968ರಲ್ಲಿ ಬರೆಸಿದ ಸಂಸ್ಕೃತ ಶಾಸನ ಅದರಲ್ಲಿದೆ. ಹೆಚ್ಚುಕಮ್ಮಿ ಚಾಸ್ಲಾವನ ಕಾಲವೇ. ಕುಂದವರ್ಮ ತನ್ನ ಮಾತನ್ನು ತಾನೇ ಹೇಳಿಸಿದ್ದಾನೆ. ಚಾಸ್ಲಾವನ ಮಾತನ್ನು ಆಡುವುದು ಪಕ್ಕದ ದೊಡ್ಡ ರಾಜ್ಯದವರು. ಇತಿಹಾಸ ಓದುವ ನೀವು ಈ ವ್ಯತ್ಯಾಸವನ್ನು ಸದಾ ಎದುರಿಗೆ ಇಟ್ಟುಕೊಳ್ಳಬೇಕು. ಅದನ್ನು ಮರೆತರೆ 50 ಎಂಬುದು ಜನಗಣತಿಯ ಅಂಕಿಯಂತೆ ಕಾಣತೊಡಗುತ್ತದೆ.

ಪ್ರಶ್ನೆ: ನಮ್ಮ ಹಿರಿಯರು ಶ್ರೀರಂಗಪಟ್ಟಣದ ಸೆರೆಯಿಂದ ಮರಳಿ ಬಂದವರು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ನಿಮ್ಮ ಆ ಸಾಲು ಓದಿ ಅದೇ ನೆನಪಾಯಿತು. ಹೋಲಿಕೆ ಸರಿಯಾ?
— ಓದುಗರು, ಬೆಂದೂರು, ಮಂಗಳೂರು

ಉತ್ತರ: ಸ್ವಲ್ಪ ಮಟ್ಟಿಗೆ ಸರಿ. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಇಂಗ್ಲಿಷರ ಕಡೆಗೆ ಸೇರಿದ್ದಾರೆ ಎಂಬ ಸಂಶಯ ಅದಕ್ಕೆ ಕಾರಣವಾಗಿತ್ತು. ಸಿಮಿಯೋನನಿಗೂ ಇದೇ ಸಂಶಯ: ಸರ್ಬಿಯಾದಲ್ಲಿ ಯಾರನ್ನು ಕೂರಿಸಿದರೂ ಕೊನೆಗೆ ಬೈಜಾಂಟಿಯಂ ಕಡೆ ವಾಲುತ್ತಾರೆ ಅಂತ. ಮರಳುವ ದಾರಿ ತೆರೆದದ್ದೂ ಎರಡೂ ಕಡೆ ಆ ಅರಸರು ಇಲ್ಲವಾದ ಮೇಲೆ. ಇಲ್ಲಿ 1799, ಅಲ್ಲಿ 927.

ಆದರೆ ನಮ್ಮಲ್ಲಿ ಗುರಿಯಾದದ್ದು ಒಂದು ಸಮುದಾಯ. ಅಲ್ಲಿ, ಪುಸ್ತಕದ ಪ್ರಕಾರ, ಇಡೀ ನಾಡು. ಇನ್ನೊಂದು, ಚಾಸ್ಲಾವನ ಜೊತೆ ಮರಳಿದವರಲ್ಲಿ ಒಬ್ಬರ ಮಾತೂ ನಮಗೆ ಸಿಕ್ಕಿಲ್ಲ. ದಾರಿಯಲ್ಲಿ ಏನಾಯಿತು, ಮನೆ ಇದ್ದ ಜಾಗದಲ್ಲಿ ಏನು ಉಳಿದಿತ್ತು, ಯಾವುದೂ ಇಲ್ಲ. ನಿಮ್ಮ ಅಜ್ಜಿ ಹೇಳಿದ್ದನ್ನು ನೆನಪಿದ್ದಷ್ಟು ಬರೆದಿಡಿ. ದಯವಿಟ್ಟು ಈ ವರ್ಷವೇ ಬರೆದಿಡಿ.

ಪ್ರಶ್ನೆ: ಚಾಸ್ಲಾವ್ ಕೊನೆಗೆ ಏನಾದ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಕುಂದಾಪುರ

ಉತ್ತರ: ‘ಡುಕ್ಲಿಯಾದ ಪಾದ್ರಿಯ ವೃತ್ತಾಂತ’ ಎಂಬ, ಶತಮಾನಗಳ ನಂತರದ ಒಂದು ಬರಹದಲ್ಲಿ ಅವನ ಕೊನೆ ಬರುತ್ತದೆ. ದ್ರಿನಾ ನದಿಯ ಹತ್ತಿರ ಹಂಗೇರಿಯ ನಾಯಕ ಕೀಸ ಎಂಬವನನ್ನು ಚಾಸ್ಲಾವನ ಕಡೆಯವರು ಕೊಂದರು. ಕೀಸನ ಹೆಂಡತಿ ಸೈನ್ಯ ಕಟ್ಟಿ ಬಂದಳು, ಚಾಸ್ಲಾವನನ್ನು ಹಿಡಿಸಿದಳು, ಕೈಕಾಲು ಕಟ್ಟಿ ಸಾವಾ ನದಿಗೆ ಎಸೆಸಿದಳು ಅಂತ ಕಥೆ. ಹಂಗೇರಿಯನ್ನರು ಆ ಕಾಲದಲ್ಲಿ ಅಲ್ಲೆಲ್ಲ ದಾಳಿ ಮಾಡುತ್ತಿದ್ದದ್ದು ನಿಜ. ಆದರೆ ಅದೇ ಬರಹ ಚಾಸ್ಲಾವನನ್ನು ತಂದೆಯ ವಿರುದ್ಧವೇ ದಂಗೆ ಎದ್ದ ಕೆಟ್ಟ ಮಗ ಅನ್ನುತ್ತದೆ, ತಂದೆಯ ಹೆಸರನ್ನು ರಾದೊಸ್ಲಾವ್ ಅನ್ನುತ್ತದೆ. ಚಕ್ರವರ್ತಿಯ ಪುಸ್ತಕದ ಪ್ರಕಾರ ತಂದೆ ಕ್ಲೋನಿಮಿರ್. ನನಗೆ ಹಳೆಯ ಪುಸ್ತಕದ ಮಾತೇ ಗಟ್ಟಿ. ಪಾದ್ರಿಗೆ ಬೇಕಾಗಿದ್ದದ್ದು ತಂದೆಗೆ ದ್ರೋಹ ಮಾಡಿದವನಿಗೆ ಸಿಗುವ ಶಿಕ್ಷೆಯ ಕಥೆ. ಒಂದು ನಾಡನ್ನು ಮತ್ತೆ ತುಂಬಿಸಿದವನ ಮೇಲೆ ಆ ಕಳಂಕ ಹೊರಿಸಿದ್ದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಕೆಲಸದ ಮೇಲೆ ಬೆಲ್‌ಗ್ರೇಡ್‌ಗೆ ಹೋಗಲಿಕ್ಕಿದೆ. ಚಾಸ್ಲಾವನ ಕಾಲದ್ದು ಏನಾದರೂ ನೋಡಲು ಸಿಗುತ್ತದಾ?
— ಐಟಿ ಉದ್ಯೋಗಿ, ಮಣಿಪಾಲ

ಉತ್ತರ: ಅವನ ಅಜ್ಜ ಸ್ತ್ರೋಯಿಮಿರನದ್ದು ಎನ್ನಲಾದ ಒಂದು ಪುಟ್ಟ ಚಿನ್ನದ ಮುದ್ರೆ ಇದೆ. ನಡುವೆ ಶಿಲುಬೆ, ಸುತ್ತ ಗ್ರೀಕ್ ಅಕ್ಷರದಲ್ಲಿ ‘ದೇವರೇ, ಸ್ತ್ರೋಯಿಮಿರನನ್ನು ಕಾಪಾಡು’ ಎಂಬ ಅರ್ಥದ ಪ್ರಾರ್ಥನೆ. ಮ್ಯೂನಿಕ್‌ನ ಹರಾಜಿನಲ್ಲಿ ಬಂದಾಗ, 2006ರಲ್ಲಿ, ಸರ್ಬಿಯಾ ಅದನ್ನು ಕೊಂಡು ತಂದಿತು. ಬೆಲ್‌ಗ್ರೇಡ್‌ನಲ್ಲಿ ಸರ್ಬಿಯಾದ ಇತಿಹಾಸ ಮ್ಯೂಸಿಯಂನವರನ್ನು ವಿಚಾರಿಸಿ.

ರಜೆ ಸಿಕ್ಕರೆ ದಕ್ಷಿಣಕ್ಕೆ ನೋವಿ ಪಜಾರ್‌ಗೆ ಹೋಗಿ. ಊರಿನ ಹತ್ತಿರ ಗುಡ್ಡದ ಮೇಲೆ ಸಂತ ಪೀಟರ್ ಮತ್ತು ಪಾಲರ ಹಳೆಯ ಚರ್ಚ್ ಇದೆ. ಆ ದೇಶದಲ್ಲಿ ಉಳಿದಿರುವ ಅತಿ ಹಳೆಯ ಚರ್ಚುಗಳಲ್ಲಿ ಅದೂ ಒಂದು, ಯುನೆಸ್ಕೊ 1979ರಲ್ಲಿ ಪಟ್ಟಿಗೆ ಸೇರಿಸಿದ ತಾಣದ ಭಾಗ. ರಾಸ್ ಎಂಬ ಹಳೆಯ ಗಡಿ ಅದೇ ಸೀಮೆಯಲ್ಲಿತ್ತು. ಸೋತ ಬೋರಿಸ್ ಸಂಧಿ ಮಾಡಿಕೊಂಡು ಹಿಂತಿರುಗುವಾಗ ದಾರಿಯಲ್ಲಿ ಯಾರಾದರೂ ಹೊಂಚು ಹಾಕಿದ್ದಾರೆಂದು ಹೆದರಿ, ಮುತಿಮಿರನ ಇಬ್ಬರು ಮಕ್ಕಳನ್ನು ಜೊತೆಗೆ ಕರೆದುಕೊಂಡು ಬಂದದ್ದು ರಾಸ್‌ವರೆಗೇ. ಹೋಗಿ ಬಂದರೆ ಫೋಟೊ ಕಳಿಸಿ, ಇಲ್ಲೇ ಹಾಕೋಣ.