ಮೊದಲು ಬಟ್ಟೆ ಮುಟ್ಟಿ ನೋಡಿ, ಫೋನ್ ಆಮೇಲೆ

"ರೀಲ್ಸ್ ನೋಡಿ ನೋಡಿ ನನ್ನ ಬಟ್ಟೆ, ಊಟ, ಮಾತು ಎಲ್ಲವೂ ಎಲ್ಲರ ಹಾಗೇ ಆಗಿದೆ. ಇಷ್ಟದ ಬಣ್ಣ ಯಾವುದು ಅಂತ ಕೇಳಿದರೆ ಥಟ್ಟನೆ ಹೇಳೋಕೆ ಬರುತ್ತಿಲ್ಲ. ಸೋಷಿಯಲ್ ಮೀಡಿಯಾ ನಮ್ಮತನವನ್ನೇ ತಿಂದುಹಾಕುತ್ತಿದೆಯಾ?" ಅಂತ ಕೇಳಿದ್ದೀರಿ. ಎರಡು ದಿನದಿಂದ ಆ ಬಣ್ಣದ ಮಾತೇ ತಲೆಯಲ್ಲಿದೆ. ನನ್ನ ಕೆಲಸವೇ ಬಣ್ಣದ್ದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದು 23 ವರ್ಷ ಆಯಿತು. ಕೋಥ್ರೂಡ್‌ನಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇದೆ. ನಮ್ಮ ಕಡೆಯ ಹೆಂಗಸರು ಬರುತ್ತಾರೆ, ಮರಾಠಿಯವರೂ ಬರುತ್ತಾರೆ. ನಾವು ಇಳಕಲ್ ಸೀರೆ ಅನ್ನುವುದನ್ನು ಅವರು ಇರಕಲ್ ಅನ್ನುತ್ತಾರೆ. ಕುಪ್ಪಸ ಹೊಲಿಯುವ ಗುಳೇದಗುಡ್ಡದ ಖಣದ ಬಟ್ಟೆ ಮಾತ್ರ ಇಬ್ಬರಿಗೂ ಖಣವೇ.

ಮೊದಲೆಲ್ಲ ಹೆಂಗಸರು ಅಳತೆಗೆ ಅಂತ ಒಂದು ಹಳೇ ಬ್ಲೌಸ್ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು. ಕೂತು ಅರ್ಧ ಗಂಟೆ ಮಾತಾಡುತ್ತಿದ್ದರು. "ತೋಳು ಎರಡು ಬೆರಳು ಉದ್ದ ಇರಲಿ, ಸುಟ್ಟ ಕಲೆ ಮುಚ್ಚಬೇಕು." "ಕೊರಳು ಜಾಸ್ತಿ ಇಳಿಸಬೇಡ, ಅತ್ತೆ ಮನೆಯಲ್ಲೇ ಇದ್ದಾರೆ." "ಬಲತೋಳು ಸ್ವಲ್ಪ ಸಡಿಲ ಬಿಡು, ರೊಟ್ಟಿ ಬಡಿಯೋ ಕೈ." ಅಷ್ಟು ಕೇಳಿದರೆ ಸಾಕು, ಅವರ ಮನೆ, ಮೈ, ಮನಸ್ಸು ಎಲ್ಲ ಗೊತ್ತಾಗುತ್ತಿತ್ತು. ಹೊಲಿದ ಬ್ಲೌಸ್ ಅವರೊಬ್ಬರಿಗೇ ಸೇರಿದ್ದಾಗಿರುತ್ತಿತ್ತು.

ಈಗ ಮೇಜಿನ ಮೇಲೆ ಫೋನ್ ಬರುತ್ತದೆ. "ಸೇಮ್ ಇದೇ ಬೇಕು." ಅಷ್ಟೇ ಮಾತು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಂತಿತು, ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ಲಾಕ್‌ಡೌನ್ ಮುಗಿದು ಅಂಗಡಿ ತೆರೆದಾಗ ಗಿರಾಕಿಗಳ ಮಾತೇ ಬದಲಾಗಿತ್ತು. ತುಳಸಿ ಲಗ್ನ ಮುಗಿದ ಮೇಲಿನ ಒಂದು ಮದುವೆ ಸೀಸನ್‌ನಲ್ಲಿ ಹನ್ನೊಂದು ಮದುಮಗಳಿಗೆ ಬೆನ್ನಿನ ಮೇಲೆ ಒಂದೇ ಡಿಸೈನ್ ಹೊಲಿದೆ. ಒಬ್ಬರಿಗೊಬ್ಬರ ಪರಿಚಯವೂ ಇರಲಿಲ್ಲ. ಪ್ರತಿಯೊಬ್ಬಳೂ "ಸ್ವಲ್ಪ ಡಿಫರೆಂಟ್ ಇದೆ ಅಲ್ವಾ ಆಂಟಿ?" ಅಂತಲೇ ಕೇಳಿದ್ದಳು. ಹನ್ನೊಂದನೆಯದಕ್ಕೆ ಕೊಕ್ಕೆ ಹಚ್ಚುವಾಗ ನಿಜಕ್ಕೂ ಬೇಜಾರಾಯಿತು.

ಆದರೆ ಮೊದಲು ಎಲ್ಲರೂ ಬೇರೆ ಬೇರೆ ಇದ್ದರು, ಫೋನ್ ಬಂದು ಒಂದೇ ಮಾಡಿತು ಅಂತ ಹೇಳಿದರೆ ಅದು ಸುಳ್ಳು. ನಮ್ಮೂರಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರೂ ಇಳಕಲ್ ಸೀರೆಯನ್ನೇ ಉಡುತ್ತಿದ್ದರು. ಬಿಳಿ ತೆನೆ ಸಾಲಿನ ಅದೇ ಟೋಪ್ ತೆನಿ ಸೆರಗು, ಅದೇ ಖಣದ ಕುಪ್ಪಸ. ಬೇರೆ ಉಟ್ಟವಳನ್ನು ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಿದ್ದರು. ಊರಿನ ಬಾಯಿ ಯಾವ ಆ್ಯಪ್‌ಗೂ ಕಡಿಮೆ ಇರಲಿಲ್ಲ.

ಹಾಗಾದರೆ ಈಗ ಬದಲಾಗಿದ್ದು ಏನು? ನನಗೆ ಕಂಡದ್ದು ಇಷ್ಟು. ಈಗ ವಸ್ತುವಿನ ಜೊತೆಯಲ್ಲೇ ಲೆಕ್ಕವೂ ಬರುತ್ತದೆ. ಒಂದು ಸೀರೆ ಚೆನ್ನಾಗಿದೆಯಾ ಅಂತ ಮನಸ್ಸು ಯೋಚಿಸುವ ಮೊದಲೇ "ಎರಡು ಲಕ್ಷ ಜನ ಮೆಚ್ಚಿದ್ದಾರೆ" ಅನ್ನುವುದು ಕಣ್ಣಿಗೆ ಬಿದ್ದಿರುತ್ತದೆ. ಫೇಸ್‌ಬುಕ್‌ಗೆ ಲೈಕ್ ಬಟನ್ ಬಂದದ್ದೇ 2009ರಲ್ಲಿ. ಇನ್‌ಸ್ಟಾಗ್ರಾಮ್ ಶುರುವಿನಲ್ಲಿ ಫೋಟೋಗಳನ್ನು ಹಾಕಿದ ಹೊತ್ತಿನ ಪ್ರಕಾರ ತೋರಿಸುತ್ತಿತ್ತು. 2016ರಿಂದ ಆ ಕ್ರಮ ಬಿಟ್ಟು, ನಮಗೆ ಏನು ಹಿಡಿಸಬಹುದು ಅಂತ ತಾನೇ ಲೆಕ್ಕ ಹಾಕಿ ತೋರಿಸತೊಡಗಿತು. ಜನ ನಿಂತು ನೋಡಿದ್ದು ಇನ್ನಷ್ಟು ಜನರ ಮುಂದೆ ಹೋಗುತ್ತದೆ, ಅವರೂ ನಿಲ್ಲುತ್ತಾರೆ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಅಮೆರಿಕದಲ್ಲಿ ಮೂವರು ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದಾರೆ. ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಅಂತ ಅವರ ಹೆಸರು. 2006ರಲ್ಲಿ ಪ್ರಕಟವಾದ ಅಧ್ಯಯನ. ಯಾರೂ ಕೇಳದ 48 ಹಾಡುಗಳನ್ನು 14,000ಕ್ಕೂ ಜಾಸ್ತಿ ಜನರ ಮುಂದಿಟ್ಟರು. ಒಂದು ಗುಂಪಿಗೆ ಬರೀ ಹಾಡುಗಳ ಪಟ್ಟಿ ಕೊಟ್ಟರು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಡೌನ್‌ಲೋಡ್ ಮಾಡಿಕೊಂಡರು ಅನ್ನುವುದನ್ನೂ ತೋರಿಸಿದರು. ಲೆಕ್ಕ ಕಂಡ ಗುಂಪುಗಳಲ್ಲಿ ಗೆದ್ದ ಹಾಡುಗಳು ತುಂಬಾ ಗೆದ್ದವು, ಸೋತವು ಪೂರ್ತಿ ಸೋತವು. ಆದರೆ ಒಂದು ಗುಂಪಿನಲ್ಲಿ ಮೇಲೆ ಬಂದ ಹಾಡು ಇನ್ನೊಂದು ಗುಂಪಿನಲ್ಲಿ ಕೆಳಗೆ ಬಿದ್ದಿತ್ತು! ತೀರಾ ಒಳ್ಳೆಯ ಹಾಡು ಪೂರ್ತಿ ಸೋಲುವುದು, ತೀರಾ ಕೆಟ್ಟದ್ದು ಗೆಲ್ಲುವುದು ಅಪರೂಪ. ನಡುವಿನ ಹಾಡುಗಳ ಗತಿ ಮಾತ್ರ ಮೊದಲು ಬಂದ ಕೆಲವರ ಕೈಯಲ್ಲಿತ್ತು. ಲೆಕ್ಕದ ಕ್ರಮದಲ್ಲೇ ಮೇಲಿಂದ ಕೆಳಗೆ ಜೋಡಿಸಿ ತೋರಿಸಿದಾಗ ಪರಿಣಾಮ ಇನ್ನೂ ಜೋರಾಯಿತು.

ಇದನ್ನು ಓದಿದಾಗ ನನ್ನ ಹನ್ನೊಂದು ಮದುಮಗಳು ನೆನಪಾದರು. ಆ ಬೆನ್ನಿನ ಡಿಸೈನ್ ಕೆಟ್ಟದ್ದೇನಲ್ಲ. ನಡುವಿನದ್ದು. ಅವರು ಅದನ್ನು ಆರಿಸಿದರು ಅನ್ನುವುದಕ್ಕಿಂತ ಅದೇ ಅವರ ಹತ್ತಿರ ಬಂತು ಅನ್ನುವುದು ಸರಿ.

ಹಿಂಜೇವಾಡಿಯಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗಿ ಒಮ್ಮೆ ಅಜ್ಜಿಯ ಇಳಕಲ್ ಸೀರೆ ತಂದಳು. ದಾಳಿಂಬೆ ಕೆಂಪು, ಸೆರಗಿನಲ್ಲಿ ಬಿಳಿ ತೆನಿ. ಜೊತೆಗೆ ಫೋನಿನಲ್ಲಿ ಒಂದು ಬ್ಲೌಸ್. "ಫೋನ್ ಆ ಡ್ರಾದಲ್ಲಿ ಇಡಮ್ಮ, ಹತ್ತೇ ನಿಮಿಷ" ಅಂದೆ. ರವಿವಾರ ಪೇಟೆಯಿಂದ ತಂದ ತುಂಡುಗಳನ್ನೆಲ್ಲ ಅವಳ ಮುಂದೆ ಹರಡಿದೆ. ಅವಳು ಸುಮ್ನೆ ಕೂತಳು. "ನನಗೆ ಗೊತ್ತಾಗ್ತಿಲ್ಲ ಆಂಟಿ" ಅಂದಳು, ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ನಿಧಾನಕ್ಕೆ ಖಣದ ತುಂಡುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. "ಅಜ್ಜಿ ತೋಳು ಮೊಣಕೈ ತನಕ ಇರ್ತಿತ್ತು. ತೋಳಿನ ಮಡಿಕೆಯಲ್ಲಿ ಬಸ್ಸಿನ ಚೀಟಿ ಇಟ್ಟುಕೊಳ್ಳುತ್ತಿದ್ದಳು" ಅಂದಳು. ಗಿಳಿಹಸಿರು ಖಣ ಆರಿಸಿದಳು. ಉದ್ದ ತೋಳು, ತುದಿಯಲ್ಲಿ ಮಡಿಕೆ. ಅವಳ ಮುಖ ನೋಡಬೇಕಿತ್ತು ನೀವು.

ರಾತ್ರಿ ಹತ್ತಕ್ಕೆ ಮೆಸೇಜ್ ಬಂತು. ಗೆಳತಿಯರ ಗುಂಪಿನಲ್ಲಿ ಪೋಲ್ ಹಾಕಿದ್ದಳಂತೆ. ಫೋನಿನ ಡಿಸೈನ್‌ಗೆ ಜಾಸ್ತಿ ವೋಟು ಬಿದ್ದಿತ್ತು. "ಅದನ್ನೇ ಹೊಲಿದುಬಿಡಿ ಆಂಟಿ." ಹೊಲಿದು ಕೊಟ್ಟೆ. ಉಡುವವಳು ಅವಳು, ಒತ್ತಾಯ ಮಾಡಲು ನಾನು ಯಾರು? ಆದರೆ ಆ ಹಸಿರು ಅವಳ ಮನಸ್ಸಿನಲ್ಲಿ ಒಂದು ರಾತ್ರಿಯಾದರೂ ಉಳಿದಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ.

ನಾನೇನು ಇದರಿಂದ ಹೊರಗಿರಲಿಲ್ಲ. ನನಗೆ ಅಮ್ಮ ಕಲಿಸಿದ ಕಸೂತಿ ಬರುತ್ತದೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ, ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಂತೂ ಸೂಜಿ ಹೋದ ದಾರಿಯಲ್ಲೇ ವಾಪಸ್ ಬರಬೇಕು, ಮೇಲೂ ಕೆಳಗೂ ಒಂದೇ ಥರ ಕಾಣಬೇಕು. ಮೂರು ವಾರ ಕೂತು ಒಂದು ತೇರಿನ ಚಿತ್ತಾರ ಹಾಕಿ, ಫೋಟೋ ತೆಗೆದು ಒಂದು ಆ್ಯಪ್‌ನಲ್ಲಿ ಹಾಕಿದೆ. ಹದಿನಾಲ್ಕು ಜನ ಮೆಚ್ಚಿದರು. ಆಮೇಲೆ ಒಂದು ಸಾದಾ ಬ್ಲೌಸ್‌ಗೆ ಲೇಸ್ ಹಚ್ಚುವ ವಿಡಿಯೋ ಹಾಕಿದೆ. ಸಾವಿರಾರು ಜನ ನೋಡಿದರು. ಮುಂದಿನ ಒಂದು ವರ್ಷ ನನ್ನ ಕೈ ಫೋನಿಗೋಸ್ಕರವೇ ಕೆಲಸ ಮಾಡಿತು. ಫೋಟೋದಲ್ಲಿ ಎದ್ದು ಕಾಣುವ ದಾರವನ್ನೇ ತರುತ್ತಿದ್ದೆ, ಕಪ್ಪಿನ ಮೇಲೆ ಕೆಂಪು, ಕಪ್ಪಿನ ಮೇಲೆ ಹಳದಿ. ಬೇಗ ಮುಗಿಯುವ ಸಣ್ಣ ಗೋಪುರಗಳನ್ನೇ ಹಾಕುತ್ತಿದ್ದೆ. ಹಿಂಬದಿ ಯಾರು ನೋಡುತ್ತಾರೆ ಅಂತ ಗಂಟು ಹಾಕತೊಡಗಿದೆ. ಒಂದು ದಿನ ಅಮ್ಮನ ಕಪ್ಪು ಚಂದ್ರಕಾಳಿ ಸೀರೆ ಬಿಸಿಲಿಗೆ ಹಾಕುವಾಗ ಅದರ ಹಿಂಬದಿ ಕಂಡಿತು. ಒಂದೂ ಗಂಟಿಲ್ಲ. ನನ್ನ ಗಂಟು ನೆನಪಾಗಿ ಅಳು ಬಂತು. ಅವತ್ತಿನಿಂದ ಮತ್ತೆ ಗಂಟು ಹಾಕಿಲ್ಲ.

ಇಷ್ಟು ಹೇಳಿ ಇನ್ನೊಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ಆ ಹದಿನಾಲ್ಕು ಜನರಲ್ಲಿ ನಿಪ್ಪಾಣಿಯ ಒಬ್ಬರು "ಇದು ನಮ್ಮಜ್ಜಿ ಹಾಕುತ್ತಿದ್ದ ತೇರು, ಕಳಸದ ಹತ್ತಿರ ಎರಡು ಎಳೆ ಜಾಸ್ತಿ ಎಣಿಸಿದ್ದೀರಿ" ಅಂತ ಬರೆದಿದ್ದರು. ನಿಜ, ಎರಡು ಎಳೆ ಜಾಸ್ತಿಯಾಗಿತ್ತು. ಇಷ್ಟು ದೊಡ್ಡ ಪುಣೆಯಲ್ಲಿ ನನ್ನ ಎಳೆ ಎಣಿಸಿ ನೋಡಿದವರು ಇನ್ನೊಬ್ಬರಿಲ್ಲ. ಅವರನ್ನು ಕೊಟ್ಟದ್ದೂ ಅದೇ ಆ್ಯಪ್. ಸಾಲಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದ್ದರು. ಗುಂಪಿನಲ್ಲಿ ಉಳಿದವರೆಲ್ಲ ಬೇಕಂತಲೇ ತಪ್ಪು ಹೇಳಿದಾಗ, ಪರೀಕ್ಷೆಗೆ ಕೂತವರು ಸುಮಾರು ಮೂರರಲ್ಲಿ ಒಂದು ಸಲ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಜೊತೆ ಹೋದರು. ಆದರೆ ಪಕ್ಕದಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಆ ತಪ್ಪುಗಳು ತುಂಬಾ ಇಳಿದವು. ಒಬ್ಬರು ಸಾಕು ನೋಡಿ. ನನಗೆ ನಿಪ್ಪಾಣಿಯವರು ಸಿಕ್ಕರು. ನಿಮಗೂ ಸಿಗುತ್ತಾರೆ, ಆದರೆ ನಿಮ್ಮ ತೇರನ್ನು ನೀವು ಹಾಕಿದರೆ ಮಾತ್ರ.

ಹಾಗಾಗಿ ಆ್ಯಪ್ ಡಿಲೀಟ್ ಮಾಡಿ ಅಂತ ನಾನು ಹೇಳುವುದಿಲ್ಲ. ನಾನೂ ಮಾಡಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ 2021ರಿಂದ ಲೈಕ್ ಲೆಕ್ಕ ಮುಚ್ಚಿಡುವ ಸೆಟ್ಟಿಂಗ್ ಇದೆ, ಬೇರೆಯವರದ್ದೂ ಮುಚ್ಚಬಹುದು, ನಿಮ್ಮದೂ ಮುಚ್ಚಬಹುದು. ಇವತ್ತೇ ಮುಚ್ಚಿ. ಕಾಮೆಂಟ್ ಓದುವ ಮೊದಲು ನಿಮಗೆ ಏನನ್ನಿಸಿತು ಅಂತ ಒಂದು ಸಾಲು ಎಲ್ಲಾದರೂ ಬರೆದಿಡಿ. ಬಟ್ಟೆ ತಂದ ದಿನ ಯಾರಿಗೂ ಫೋಟೋ ಕಳಿಸಬೇಡಿ. ಒಂದು ರಾತ್ರಿ ಅದು ನಿಮ್ಮ ಹತ್ತಿರ ಇರಲಿ. ಬೆಳಿಗ್ಗೆಯೂ ಹಿಡಿಸಿದರೆ ಆಮೇಲೆ ಊರಿಗೆಲ್ಲ ತೋರಿಸಿ.

ಬಣ್ಣದ್ದು ಕೇಳಿದ್ದಿರಲ್ಲ. ಪುಣೆಯಲ್ಲಿ ತುಳಸಿಬಾಗ್‌ಗೆ ಅಥವಾ ಲಕ್ಷ್ಮಿ ರಸ್ತೆಗೆ ಹತ್ತಿರ ಇದ್ದರೆ ಮಧ್ಯಾಹ್ನ ಗದ್ದಲ ಕಡಿಮೆ ಇರುವಾಗ ಹೋಗಿ, ಫೋನ್ ಬ್ಯಾಗಿನಲ್ಲಿಟ್ಟು ಬಟ್ಟೆ ಮುಟ್ಟಿ ನೋಡಿ. ಬೇರೆ ಊರಲ್ಲಿದ್ದರೆ ಅಮ್ಮನ ಕಪಾಟು ಸಾಕು. ನನ್ನದು ಬದನೆಕಾಯಿ ಬಣ್ಣ. ಫೋಟೋದಲ್ಲಿ ಅದು ಬರೀ ಕಪ್ಪಾಗಿ ಕಾಣುತ್ತದೆ. ಈಗ ಅದರ ಮೇಲೇ ಇನ್ನೊಂದು ತೇರು ಶುರು ಮಾಡಿದ್ದೇನೆ, ಕಳಸದ ಹತ್ತಿರ ಎರಡು ಎಳೆ ಕಡಿಮೆ ಎಣಿಸಿ.